ಎರಡನೆಯ ಬದುಕು: ಚಿತ್ರಕಾರ ಆನ್ರಿ ಮಾತೀಸ್

ಹಿಂದಿನ ಬೇಸಿಗೆಯ ರಜೆಯಲ್ಲಿ ನಾವು ಕೇರಳದ ಕೊಚ್ಚಿ ನಗರಕ್ಕೆ ಸೇರಿದ ಎಡಪ್ಪಳ್ಳಿಯಲ್ಲಿ ಕೆಲವು ದಿನ ಇರಬೇಕಾಯಿತು. ನಮ್ಮ ಹಿರಿಯ ಬಂಧುಗಳೊಬ್ಬರಿಗೆ ಅಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ಗಾಯವು ಪೂರ್ತಿಯಾಗಿ ಮಾಯುವವರೆಗೆ ಊರಿಗೆ ಹಿಂದಿರುಗದೆ ಆಸ್ಪತ್ರೆಯ ಸಮೀಪದಲ್ಲಿಯೇ ಇರತಕ್ಕದ್ದೆಂದು ವೈದ್ಯರು ವಿಧಿಸಿದ್ದರಿಂದ, ಅವರು ಒಂದು ಬಾಡಿಗೆಯ ಕೋಣೆಯಲ್ಲಿ ದಿನ ಕಳೆಯುತ್ತಿದ್ದರು. ವೃತ್ತಿಯಿಂದ ಅವರು ಬಡಗಿಗಳು. ನಲವತ್ತು ವರ್ಷಗಳ ಕಾಲ ಉಳಿ ಬಾಚಿಗಳನ್ನು ಕೆಳಗಿಟ್ಟವರಲ್ಲ. ಇನ್ನು ಆರು ತಿಂಗಳು ಭಾರವಾದದ್ದನ್ನೇನೂ ಎತ್ತಬಾರದೆಂಬ ಮಾತು ಅವರಿಗೆ ಶಸ್ತ್ರದ ನೋವಿಗಿಂತಲೂ ಹೆಚ್ಚಿನ ನೋವನ್ನುಂಟುಮಾಡಿತ್ತು. ಭಾಷೆ ತಿಳಿಯದ ಊರು, ಪರಿಚಯವಿಲ್ಲದ ಮುಖಗಳು, ಕೈಗೆ ಕೆಲಸವಿಲ್ಲದ ಉದ್ದನೆಯ ಹಗಲು. ಇನ್ನು ತಾವು ಬದುಕಿ ಯಾರಿಗೇನು ಪ್ರಯೋಜನವೆಂದು ಅವರು ಒಂದೆರಡು ಬಾರಿ ನಮ್ಮನ್ನು ಕೇಳಿದರು. ಅವರ ಹಾಸಿಗೆಯ ಬಳಿ ಕುಳಿತು ನಾವು ಹೇಳಿದ ಒಂದು ಜೀವನಚರಿತ್ರೆಯನ್ನೇ ಇಲ್ಲಿ ನಮ್ಮ ಶಾಲೆಯ ವಿದ್ಯಾರ್ಥಿ ವಿದ್ಯಾರ್ಥಿನಿಯರ ಮುಂದಿಡುತ್ತಿದ್ದೇವೆ.

ಅದು ಫ್ರಾನ್ಸ್ ದೇಶದ ಚಿತ್ರಕಾರ ಆನ್ರಿ ಮಾತೀಸನ ಚರಿತ್ರೆ. ಇಪ್ಪತ್ತನೆಯ ಶತಮಾನದ ಚಿತ್ರಕಲೆಯಲ್ಲಿ ಪಿಕಾಸೋ ಎಂಬಾತನ ಹೆಸರಿನೊಡನೆ ಸರಿಸಮನಾಗಿ ನಿಲ್ಲತಕ್ಕ ಹೆಸರು ಇವನದು. ಈತನ ಬಾಳಿನಲ್ಲಿ ಎರಡು ರೋಗಶಯ್ಯೆಗಳುಂಟು. ಮೊದಲನೆಯದು ಅವನನ್ನು ಚಿತ್ರಕಾರನನ್ನಾಗಿ ಮಾಡಿತು. ಎರಡನೆಯದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂದದ್ದು, ಅವನನ್ನು ಮರಣದ ಬಾಗಿಲವರೆಗೆ ಒಯ್ದು ಹಿಂದಕ್ಕೆ ಕಳುಹಿಸಿತು. ಆ ಬಳಿಕ ಆತನಿಗೆ ದೊರೆತ ಹದಿಮೂರು ವರ್ಷಗಳನ್ನು ಅವನು ಹೇಗೆ ಬಳಸಿದನೆಂಬುದೇ ನಾವು ಮುಖ್ಯವಾಗಿ ತಿಳಿಯಬೇಕಾದ ವಿಷಯ.

ಮಾತೀಸನು 1869ನೆಯ ಇಸವಿ ಡಿಸೆಂಬರ್ 31ರಂದು ಫ್ರಾನ್ಸಿನ ಉತ್ತರ ಭಾಗದ ಲ ಕಾತೊ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದನು. ಆ ಸೀಮೆಯು ನೇಕಾರರ ಸೀಮೆ. ಅವನ ಪೂರ್ವಿಕರಲ್ಲಿ ಹಲವರು ಮಗ್ಗದ ಮುಂದೆ ಕುಳಿತು ಬಾಳಿದವರು. ಅವನು ಬೆಳೆದ ಬೊಆಂ ಎಂಬ ಊರಿನಲ್ಲಿ ಉತ್ತಮ ದರ್ಜೆಯ ಬಟ್ಟೆಗಳನ್ನು ನೇಯುತ್ತಿದ್ದರು. ಬಣ್ಣ ಬಣ್ಣದ ನೂಲು, ಹೂಬಳ್ಳಿಯ ಅಂಚು, ನೇಯ್ಗೆಯ ವಿನ್ಯಾಸ ಇವೇ ಆ ಬಾಲಕನು ಮೊದಲು ಕಂಡ ಚಿತ್ರಗಳೆಂದು ಹೇಳಬಹುದು. ಮುಂದೆ ಅವನು ದೊಡ್ಡವನಾಗಿ ಹೋದಲ್ಲೆಲ್ಲ ಬಟ್ಟೆಯ ತುಂಡುಗಳನ್ನು ಕೊಂಡು ಕೂಡಿಡುತ್ತಿದ್ದನು. ಅವುಗಳನ್ನು ತನ್ನ ಚಿತ್ರಗಳ ಹಿನ್ನೆಲೆಯಲ್ಲಿ ಹರಡುತ್ತಿದ್ದನು. ತಂದೆಯು ಧಾನ್ಯ ಮತ್ತು ಬಿತ್ತನೆಯ ಬೀಜಗಳ ವ್ಯಾಪಾರಿ. ತಾಯಿಯು ಅಂಗಡಿಯಲ್ಲಿ ಬಣ್ಣಗಳ ಮಾರಾಟವನ್ನು ನೋಡಿಕೊಳ್ಳುತ್ತ, ಬಿಡುವಿನಲ್ಲಿ ಪಿಂಗಾಣಿಯ ಮೇಲೆ ಚಿತ್ರ ಬರೆಯುತ್ತಿದ್ದ ಕುಶಲೆ.

ಮಗನು ಗೌರವದ ಉದ್ಯೋಗಕ್ಕೆ ಸೇರಬೇಕೆಂಬುದು ತಂದೆಯ ಇಚ್ಛೆ. ಅದರಂತೆ ಹುಡುಗನು ಪ್ಯಾರಿಸ್ ನಗರಕ್ಕೆ ಹೋಗಿ ಕಾನೂನು ಓದಿ, 1888ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತನ್ನ ಸೀಮೆಯ ಒಬ್ಬ ವಕೀಲನ ಕಚೇರಿಯಲ್ಲಿ ಗುಮಾಸ್ತನಾದನು. ಕಡತಗಳನ್ನು ನಕಲು ಮಾಡುವುದೇ ಕೆಲಸ. ಆ ಬಾಳು ಅವನಿಗೆ ರುಚಿಸಲಿಲ್ಲ; ಆದರೆ ಬೇರೆ ಯಾವುದು ರುಚಿಸುವುದೆಂಬುದೂ ತಿಳಿದಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಅವನಿಗೆ ಹೊಟ್ಟೆಯ ಬೇನೆ ಬಂದಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಯಿತು. ಮಗನು ಬೇಸರಗೊಳ್ಳದಿರಲೆಂದು ತಾಯಿಯು ಒಂದು ಬಣ್ಣದ ಪೆಟ್ಟಿಗೆಯನ್ನು ತಂದುಕೊಟ್ಟಳು. ಆ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡ ಕ್ಷಣದಲ್ಲಿಯೇ ತನ್ನ ಬಾಳಿನ ದಾರಿ ತನಗೆ ಕಂಡಿತೆಂದು ಅವನು ಮುಂದೆ ಅನೇಕ ಸಲ ನೆನೆದುಕೊಂಡಿದ್ದಾನೆ. ತಾಯಿಯ ಒಂದು ಸಣ್ಣ ಕೊಡುಗೆಯು ಜಗತ್ತಿಗೆ ಒಬ್ಬ ಮಹಾ ಚಿತ್ರಕಾರನನ್ನು ಕೊಟ್ಟಿತು. 1891ರಲ್ಲಿ ಆತನು ತಂದೆಯ ಅಸಮಾಧಾನವನ್ನು ಲೆಕ್ಕಿಸದೆ ಕಾನೂನನ್ನು ಬಿಟ್ಟು, ಚಿತ್ರಕಲೆಯನ್ನು ಕಲಿಯಲು ಮತ್ತೆ ಪ್ಯಾರಿಸಿಗೆ ಹೊರಟನು.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳು ಬಡತನದ ವರ್ಷಗಳು. ಗುಸ್ತಾವ್ ಮೊರೋ ಎಂಬ ಉದಾರ ಮನಸ್ಸಿನ ಗುರುವು ದೊರೆತುದು ಅವನ ಭಾಗ್ಯ. 1898ರಲ್ಲಿ ಅವನು ಅಮೆಲಿ ಎಂಬವಳನ್ನು ವಿವಾಹವಾದನು. ಅದಕ್ಕೆ ಮೊದಲೇ 1894ರಲ್ಲಿ ಅವನಿಗೆ ಮಾರ್ಗರೀತ್ ಎಂಬ ಮಗಳು ಹುಟ್ಟಿದ್ದಳು. ಅಮೆಲಿಯು ಅವಳನ್ನು ತನ್ನ ಮಗಳೆಂದೇ ಸಾಕಿದಳು. ಈ ಹುಡುಗಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಚಿಕ್ಕಂದಿನಲ್ಲಿಯೇ ಗಂಟಲಿನ ಘೋರ ರೋಗಕ್ಕೆ ತುತ್ತಾಗಿ, ಉಸಿರು ನಿಲ್ಲುವ ಹಂತದಲ್ಲಿ ವೈದ್ಯರು ಅವಳ ಕೊರಳನ್ನು ಸೀಳಿ ಗಾಳಿಯ ದಾರಿಯನ್ನು ತೆರೆದರು. ಆ ಕಲೆಯನ್ನು ಮರೆಮಾಡಲು ಅವಳು ವರ್ಷಗಟ್ಟಲೆ ಕೊರಳಿಗೆ ಕಪ್ಪು ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದಳು. ತಂದೆಯು ಬರೆದ ಅವಳ ಚಿತ್ರಗಳಲ್ಲಿ ಆ ಪಟ್ಟಿಯನ್ನು ನಾವು ಇಂದಿಗೂ ಕಾಣಬಹುದು.

1905ರಲ್ಲಿ ಪ್ಯಾರಿಸ್ಸಿನ ಶರತ್ಕಾಲದ ಪ್ರದರ್ಶನದಲ್ಲಿ ಮಾತೀಸನೂ ಅವನ ಗೆಳೆಯರೂ ಇರಿಸಿದ ಚಿತ್ರಗಳು ದೊಡ್ಡ ಕೋಲಾಹಲವನ್ನೆಬ್ಬಿಸಿದವು. ಮುಖಕ್ಕೆ ಹಸಿರು, ನೆರಳಿಗೆ ಕೆಂಪು ಹೀಗೆ ಲೋಕದ ರೂಢಿಗೆ ವಿರುದ್ಧವಾಗಿ ಬಣ್ಣಗಳನ್ನು ಧಾರಾಳವಾಗಿ ಸುರಿದಿದ್ದ ಆ ಚಿತ್ರಕಾರರಿಗೆ ಒಬ್ಬ ವಿಮರ್ಶಕನು ಕಾಡುಮೃಗಗಳೆಂಬ ಹೆಸರನ್ನಿಟ್ಟನು. ನಿಂದೆಯಾಗಿ ಬಂದ ಹೆಸರೇ ಕೊನೆಗೆ ಬಿರುದಾಗಿ ಉಳಿಯಿತು. ಕ್ರಮೇಣ ರಷ್ಯ, ಅಮೆರಿಕ ಮುಂತಾದ ದೇಶಗಳ ರಸಿಕರು ಅವನ ಚಿತ್ರಗಳನ್ನು ಕೊಂಡರು. 1917ರಿಂದ ಅವನು ಹೆಚ್ಚಾಗಿ ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಬಾಳತೊಡಗಿದನು. ಅಲ್ಲಿಯ ಬಿಸಿಲು, ಕಡಲು, ಕಿಟಕಿಯಾಚೆಯ ತಾಳೆಯ ಮರಗಳು ಅವನ ಚಿತ್ರಗಳಲ್ಲಿ ನೆಲೆಸಿದವು. ಹೀಗೆ ಕೀರ್ತಿ, ಸಂಪತ್ತು ಎರಡೂ ಬಂದು, ಎಲ್ಲವೂ ನೇರವಾಯಿತೆನ್ನುವಾಗ ಅವನ ಬಾಳಿಗೆ ಸಂಜೆ ಕವಿಯಿತು.

1939ರಲ್ಲಿ ಹೆಂಡತಿಯು ಅವನಿಂದ ಬೇರೆಯಾದಳು. ಅದೇ ವರ್ಷ ಎರಡನೆಯ ಮಹಾಯುದ್ಧವು ಆರಂಭವಾಯಿತು. 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಸೋತು, ಅದರ ಉತ್ತರ ಭಾಗವು ಜರ್ಮನರ ವಶವಾಯಿತು. ಮಾತೀಸನ ಬಳಿ ಬ್ರೆಜಿಲ್ ದೇಶಕ್ಕೆ ಹೋಗಲು ಪರವಾನಗಿಯಿತ್ತು. ಆದರೂ ಕಷ್ಟಕಾಲದಲ್ಲಿ ನಾಡನ್ನು ತೊರೆದು ಓಡುವುದು ತರವಲ್ಲವೆಂದು ನಿಶ್ಚಯಿಸಿ ನೀಸ್ ನಗರದಲ್ಲಿಯೇ ಉಳಿದನು. ಅದೇ ಸಮಯದಲ್ಲಿ ಹೊಟ್ಟೆಯ ನೋವು ಬರಬರುತ್ತ ಅಸಹ್ಯವಾಯಿತು. ಕರುಳಿನಲ್ಲಿ ಅರ್ಬುದ, ಎಂದರೆ ಈಗ ಎಲ್ಲರೂ ಕ್ಯಾನ್ಸರ್ ಎನ್ನುವ ರೋಗ, ಬೆಳೆದಿತ್ತು.

ಮುದುಕನಾದ ತಂದೆಯು ಮನೆಯಲ್ಲಿ ನರಳುತ್ತಿರುವ ಸುದ್ದಿಯನ್ನು ತಿಳಿದು ಓಡಿಬಂದವಳು ಮಗಳು ಮಾರ್ಗರೀತಳೇ. ಶಸ್ತ್ರದ ಕಷ್ಟವನ್ನೂ ಶಸ್ತ್ರದ ಉಪಕಾರವನ್ನೂ ತನ್ನ ಮೈಯಲ್ಲಿಯೇ ಅರಿತಿದ್ದ ಅವಳು ತಡಮಾಡಲಿಲ್ಲ. 1941ರ ಜನವರಿಯಲ್ಲಿ ತಂದೆಯನ್ನು ಲಿಯೋನ್ ನಗರಕ್ಕೆ ಕರೆತಂದಳು. ಮಾತೀಸನ ಚಿತ್ರಶಾಲೆಯ ಕಾರ್ಯವನ್ನು ನೋಡಿಕೊಳ್ಳುತ್ತಿದ್ದ ರಷ್ಯ ದೇಶದ ಲಿಡಿಯಾ ಎಂಬ ತರುಣಿಯೂ ಜೊತೆಗಿದ್ದಳು.

ಲಿಯೋನ್ ನಗರದ ವಿಷಯವಾಗಿ ಇಲ್ಲಿ ಎರಡು ಮಾತು ಹೇಳಬೇಕು. ರೋನ್ ಮತ್ತು ಸೋನ್ ಎಂಬ ಎರಡು ನದಿಗಳ ಸಂಗಮದಲ್ಲಿರುವ ಈ ಪ್ರಾಚೀನ ನಗರವು ಶತಮಾನಗಳಿಂದ ರೇಷ್ಮೆಯ ನೇಯ್ಗೆಗೆ ಪ್ರಸಿದ್ಧವಾದುದು. ನಮ್ಮ ಕನ್ನಡ ನಾಡಿನ ರೇಷ್ಮೆ ನೇಕಾರರು ಸೀರೆಯ ಅಂಚು ಸೆರಗುಗಳಲ್ಲಿ ಹೂವು ಹಂಸಗಳನ್ನು ಮೂಡಿಸಲು ಬಳಸುವ ಜಕಾರ್ಡ್ ಯಂತ್ರವನ್ನು ನೀವು ಕಂಡಿರಬಹುದು. ರಂಧ್ರಗಳಿರುವ ರಟ್ಟಿನ ಹಾಳೆಗಳ ಸರಪಣಿಯು ಮಗ್ಗದ ಮೇಲೆ ಸುತ್ತುತ್ತ, ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂಬುದನ್ನು ನಿಯಮಿಸುತ್ತದೆ. ಆ ಯಂತ್ರವನ್ನು 1804ರಲ್ಲಿ ರಚಿಸಿದ ಜೋಸೆಫ್ ಮಾರಿ ಜಕಾರ್ಡನು ಲಿಯೋನ್ ನಗರದವನೇ. ನೇಕಾರರ ಕುಲದಲ್ಲಿ ಹುಟ್ಟಿದ ಮಾತೀಸನು ನೇಕಾರರ ಈ ಮಹಾನಗರದಲ್ಲಿ ಬದುಕು ಸಾವುಗಳ ನಡುವೆ ಮಲಗಬೇಕಾದುದು ಒಂದು ವಿಚಿತ್ರ ಯೋಗ. ಲಿಯೋನ್ ನಗರವು ವೈದ್ಯವಿದ್ಯೆಗೂ, ಅದರಲ್ಲಿಯೂ ಶಸ್ತ್ರವೈದ್ಯಕ್ಕೂ, ಹೆಸರಾಗಿತ್ತು. ಆಗ ಅದು ಜರ್ಮನರು ಇನ್ನೂ ಆಕ್ರಮಿಸದಿದ್ದ ದಕ್ಷಿಣ ವಿಭಾಗದಲ್ಲಿತ್ತು. ಆದರೂ ಯುದ್ಧಕಾಲದ ಚಳಿಗಾಲ; ಆಹಾರಕ್ಕೆ ಪಡಿತರ, ಉರುವಲಿಗೆ ಅಭಾವ, ಎಲ್ಲರ ಮನದಲ್ಲಿಯೂ ಭಯ.

ಉದ್ಯಾನದ ಚಿಕಿತ್ಸಾಲಯವೆಂಬ ಅರ್ಥದ ಹೆಸರುಳ್ಳ ಒಂದು ಆಸ್ಪತ್ರೆಯಲ್ಲಿ ಅವನನ್ನು ಸೇರಿಸಿದರು. ಪ್ರಸಿದ್ಧ ಶಸ್ತ್ರವೈದ್ಯ ಪಾಲ್ ಸಾಂತಿಯು ಸಹಾಯಕರೊಡನೆ ಶಸ್ತ್ರಕ್ರಿಯೆಯನ್ನು ನಡೆಸಿದನು. ಅದಕ್ಕೆ ಮುನ್ನ ಮಾತೀಸನು ವೈದ್ಯರನ್ನು ಬೇಡಿಕೊಂಡುದು ಒಂದೇ: ತನ್ನ ಕೆಲಸವನ್ನು ಒಂದು ದಡ ಸೇರಿಸಲು ಮೂರೋ ನಾಲ್ಕೋ ವರ್ಷಗಳ ಆಯುಷ್ಯವನ್ನು ಮಾತ್ರ ಒದಗಿಸಿಕೊಡಬೇಕೆಂಬುದು. ನೋವಿಲ್ಲದ ಬಾಳನ್ನು ಆತನು ಕೇಳಲಿಲ್ಲ. ಸುಖದ ಮುಪ್ಪನ್ನು ಕೇಳಲಿಲ್ಲ. ಕೆಲಸಕ್ಕೆ ಬೇಕಾದ ಕಾಲವನ್ನು ಮಾತ್ರ ಕೇಳಿದನು.

ಆಗಿನ ಶಸ್ತ್ರವೈದ್ಯದ ಸ್ಥಿತಿಯನ್ನು ತಿಳಿದರೆ ಈ ಬೇಡಿಕೆಯ ಗಾಂಭೀರ್ಯವು ಅರಿವಾಗುತ್ತದೆ. ಗಾಯ ಕೀವುಗಟ್ಟಿದರೆ ಅದನ್ನು ಅಡಗಿಸಲು ಇಂದಿನಂತೆ ಬಗೆಬಗೆಯ ಔಷಧಿಗಳಿರಲಿಲ್ಲ. ಪೆನಿಸಿಲಿನ್ ಎಂಬ ಮದ್ದನ್ನು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸೋಂಕು ತಗುಲಿದ ಒಬ್ಬ ರೋಗಿಗೆ ಮೊದಲು ಕೊಟ್ಟು ನೋಡಿದ್ದು 1941ರ ಫೆಬ್ರವರಿ ತಿಂಗಳಲ್ಲಿ, ಎಂದರೆ ಮಾತೀಸನು ಲಿಯೋನ್ ನಗರದಲ್ಲಿ ಮಲಗಿದ್ದಾಗಲೇ. ಆ ರೋಗಿಯು ಚೇತರಿಸಿಕೊಳ್ಳುತ್ತಿದ್ದಂತೆ ಮದ್ದು ಮುಗಿದುಹೋಗಿ ಆತನು ತೀರಿಕೊಂಡನು. ಇನ್ನೊಂದು ಅಪಾಯವೂ ಇತ್ತು. ದೊಡ್ಡ ಶಸ್ತ್ರಕ್ರಿಯೆಯ ಬಳಿಕ ಬಹುದಿನ ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವುದುಂಟು. ಆ ಹೆಪ್ಪು ಕಳಚಿ ರಕ್ತದೊಡನೆ ಹರಿದು ಶ್ವಾಸಕೋಶದ ನಾಳವನ್ನು ಮುಚ್ಚಿದರೆ ರೋಗಿಯು ಕ್ಷಣಮಾತ್ರದಲ್ಲಿ ಸಾಯಬಹುದು. ಇಂದು ವೈದ್ಯರು ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿಯೇ ರೋಗಿಯನ್ನು ಎಬ್ಬಿಸಿ ನಡೆಯಿಸುವುದೂ, ರಕ್ತ ಹೆಪ್ಪುಗಟ್ಟದಂತೆ ಮದ್ದು ಕೊಡುವುದೂ ಇದೇ ಕಾರಣದಿಂದ. ನಮ್ಮ ಬಂಧುಗಳನ್ನು ಮರುದಿನವೇ ನಡೆಯಹೇಳಿದಾಗ ಅದನ್ನು ಕ್ರೌರ್ಯವೆಂದು ಅವರು ಭಾವಿಸಿದ್ದರು!

ಮಾತೀಸನಿಗೆ ಈ ಆಪತ್ತು ಒಂದಲ್ಲ, ಎರಡು ಸಲ ಒದಗಿತು. ಶಸ್ತ್ರಕ್ರಿಯೆಯಿಂದ ಪಾರಾದವನು ಶ್ವಾಸಕೋಶದ ಹೆಪ್ಪಿನಿಂದ ಎರಡು ಬಾರಿ ಮರಣದ ಸಮೀಪಕ್ಕೆ ಹೋದನು. ಅಲ್ಲಿಯ ದಾದಿಯರು ಡೊಮಿನಿಕನ್ ಪಂಥದ ಕ್ರೈಸ್ತ ಸಂನ್ಯಾಸಿನಿಯರು. ಹಗಲಿರುಳೆನ್ನದೆ ಅವನ ಶುಶ್ರೂಷೆ ಮಾಡಿದ ಆ ಸೋದರಿಯರು, ಅವನು ಬದುಕಿ ಎದ್ದು ಕುಳಿತುದನ್ನು ಕಂಡು, ಸತ್ತು ಎದ್ದು ಬಂದವನೆಂಬ ಅಡ್ಡಹೆಸರಿನಿಂದ ಅವನನ್ನು ಕರೆಯತೊಡಗಿದರಂತೆ. ಆ ಹೆಸರನ್ನು ಅವನು ನಗುತ್ತ ಒಪ್ಪಿಕೊಂಡನು. ಇನ್ನು ಬರುವ ದಿನಗಳೆಲ್ಲ ತನಗೆ ಲೆಕ್ಕಕ್ಕೆ ಮೀರಿ ದೊರೆತ ಎರಡನೆಯ ಬದುಕೆಂದು ಆತನು ಬಗೆದನು.

ಆದರೆ ಊರಿಗೆ ಹಿಂದಿರುಗಲು ಕೂಡಲೇ ಆಗಲಿಲ್ಲ. ಆಸ್ಪತ್ರೆಯಿಂದ ಹೊರಬಂದ ಮೇಲೆ ಲಿಯೋನ್ ನಗರದಲ್ಲಿಯೇ ಒಂದು ಹೋಟೆಲಿನಲ್ಲಿ ವಿಶ್ರಾಂತಿಗಾಗಿ ತಂಗಬೇಕಾಯಿತು. ಜನವರಿಯಲ್ಲಿ ಬಂದವನು ನೀಸ್ ನಗರವನ್ನು ಮತ್ತೆ ಕಂಡದ್ದು ಮೇ ತಿಂಗಳಲ್ಲಿ. ಮನೆಯಿಂದ ದೂರದಲ್ಲಿ, ಹೋಟೆಲಿನ ಕೋಣೆಯಲ್ಲಿ, ಮೆಲ್ಲನೆ ಕೂಡಿಬರುತ್ತಿರುವ ಗಾಯವನ್ನು ಕಾಯುತ್ತ ಕಳೆದ ಆ ವಾರಗಳನ್ನು ನಾವು ವ್ಯರ್ಥವೆಂದು ಎಣಿಸಬಾರದು. ಸದಾ ಕುಂಚ ಹಿಡಿದು ನಿಂತಿದ್ದವನಿಗೆ ತನ್ನ ಬಾಳನ್ನು ಹಿಂದಿರುಗಿ ನೋಡಲು ಅದೊಂದು ಬಿಡುವಾಯಿತು. ಚೇತರಿಕೆಯ ಆ ಕಾಲದಲ್ಲಿ ಪಿಯೆರ್ ಕೂರ್ತಿಯೋಂ ಎಂಬ ಕಲಾವಿಮರ್ಶಕನೊಡನೆ ಅವನು ತನ್ನ ಬಾಲ್ಯ, ಗುರುಗಳು, ಬಡತನ, ಗೆಳೆತನ ಎಲ್ಲವನ್ನೂ ಕುರಿತು ದೀರ್ಘವಾಗಿ ಮಾತನಾಡಿದನು. ಆ ಸಂಭಾಷಣೆಗಳು ಗ್ರಂಥವಾಗಬೇಕಾಗಿತ್ತು. ಕೊನೆಯ ಗಳಿಗೆಯಲ್ಲಿ ಮಾತೀಸನೇ ಬೇಡವೆಂದು ತಡೆದನು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 2013ರಲ್ಲಿ, ಅವು ಅಚ್ಚಾಗಿ ಹೊರಬಂದವು.

ಬದುಕಿದನೆಂದ ಮಾತ್ರಕ್ಕೆ ಅವನು ಹಳೆಯ ಮಾತೀಸನಾಗಲಿಲ್ಲ ಎಂಬುದನ್ನು ಮರೆಯಬಾರದು. ಹೊಟ್ಟೆಯ ಸ್ನಾಯುಗಳು ಬಲಗುಂದಿದ್ದರಿಂದ ಬಹಳ ಹೊತ್ತು ನಿಲ್ಲಲಾರದವನಾದನು. ಅಂದಿನಿಂದ ಕೊನೆಯವರೆಗೆ ಅವನ ಕೆಲಸವೆಲ್ಲ ಹೆಚ್ಚಾಗಿ ಹಾಸಿಗೆಯ ಮೇಲೆ, ಇಲ್ಲವೆ ಗಾಲಿಕುರ್ಚಿಯಲ್ಲಿ. ದೊಡ್ಡ ಚಿತ್ರಫಲಕದ ಮುಂದೆ ನಿಂತು, ಹಿಂದೆ ಸರಿದು ನೋಡಿ, ಮುಂದೆ ಬಂದು ಬಣ್ಣ ಹಚ್ಚುವ ಚಿತ್ರಕಾರನಿಗೆ ಇದು ಎಂತಹ ನಷ್ಟವೆಂಬುದನ್ನು ಊಹಿಸಿ ನೋಡಿ. ಅವನ ಸ್ಥಾನದಲ್ಲಿ ಇನ್ನೊಬ್ಬನಿದ್ದರೆ ಕೀರ್ತಿಯ ನೆರಳಿನಲ್ಲಿ ಸುಮ್ಮನೆ ಮಲಗುತ್ತಿದ್ದನು. ಮಾತೀಸನು ಮಾತ್ರ ತನ್ನಿಂದ ಏನು ಆಗದೆಂದು ಎಣಿಸುತ್ತ ಕೂರಲಿಲ್ಲ. ಕೈಗಳೆರಡೂ ಇವೆ, ಕಣ್ಣುಗಳಿವೆ; ಕುಳಿತೇ ಏನು ಮಾಡಬಹುದೆಂದು ಹುಡುಕತೊಡಗಿದನು. ಮೊದಲು ಮಡಿಲಲ್ಲಿ ಹಲಗೆಯನ್ನಿಟ್ಟುಕೊಂಡು ರೇಖಾಚಿತ್ರಗಳನ್ನು ಬರೆದನು. 1941 ಮತ್ತು 1942ರಲ್ಲಿ ಬರೆದ ಅಂತಹ 158 ಚಿತ್ರಗಳು 1943ರಲ್ಲಿ ಗ್ರಂಥರೂಪದಲ್ಲಿ ಬಂದವು.

ಆಮೇಲೆ ಅವನು ಕೈಗೆ ಕತ್ತರಿಯನ್ನು ತೆಗೆದುಕೊಂಡನು. 1930ರ ದಶಕದ ಆರಂಭದಲ್ಲಿ ಅಮೆರಿಕದ ಒಬ್ಬ ಧನಿಕನಿಗಾಗಿ ದೊಡ್ಡ ಭಿತ್ತಿಚಿತ್ರವನ್ನು ರಚಿಸುವಾಗ, ಆಕಾರಗಳನ್ನು ಅತ್ತಿತ್ತ ಸರಿಸಿ ನೋಡಲು ಬಣ್ಣದ ಕಾಗದದ ತುಂಡುಗಳನ್ನು ಬಳಸಿದ್ದನು. ಆಗ ಅದು ಒಂದು ಸಹಾಯಕ ಉಪಾಯ ಮಾತ್ರವಾಗಿತ್ತು. ಈಗ ಅದೇ ಅವನ ಮುಖ್ಯ ಕಲೆಯಾಯಿತು. ಸಹಾಯಕಿಯರು ದೊಡ್ಡ ಕಾಗದದ ಹಾಳೆಗಳಿಗೆ ಆತನು ಹೇಳಿದ ಬಣ್ಣವನ್ನು ದಟ್ಟವಾಗಿ ಬಳಿದು ಒಣಗಿಸುತ್ತಿದ್ದರು. ಮಾತೀಸನು ಅವುಗಳನ್ನು ಕೈಯಲ್ಲಿ ಹಿಡಿದು, ಮೊದಲು ಗೆರೆ ಎಳೆಯದೆಯೇ, ನೇರವಾಗಿ ಕತ್ತರಿಸುತ್ತಿದ್ದನು. ಎಲೆ, ಹಕ್ಕಿ, ಮೀನು, ಕುಣಿಯುವ ಮನುಷ್ಯರು ಆ ಕತ್ತರಿಯ ಬಾಯಿಂದ ಹೊರಬೀಳುತ್ತಿದ್ದರು. ಬಳಿಕ ಅವನು ಕುಳಿತಲ್ಲಿಂದಲೇ ಸೂಚಿಸಿದಂತೆ ಸಹಾಯಕಿಯರು ಆ ತುಂಡುಗಳನ್ನು ಗೋಡೆಗೆ ಸೂಜಿಯಿಂದ ಚುಚ್ಚಿ, ತೆಗೆದು, ಮತ್ತೊಂದೆಡೆ ಚುಚ್ಚಿ, ಸರಿಯಾದ ಸ್ಥಾನವು ದೊರೆಯುವವರೆಗೆ ಬದಲಿಸುತ್ತಿದ್ದರು. ಈ ಬಗೆಯ ಇಪ್ಪತ್ತು ಚಿತ್ರಗಳುಳ್ಳ ಜಾಜ್ ಎಂಬ ಗ್ರಂಥವು 1947ರಲ್ಲಿ ಪ್ರಕಟವಾಯಿತು.

ಇಷ್ಟರಲ್ಲಿ ಯುದ್ಧದ ಬೆಂಕಿಯು ಅವನ ಮನೆಯನ್ನೂ ಮುಟ್ಟದೆ ಬಿಡಲಿಲ್ಲ. ತಂದೆಯನ್ನು ಲಿಯೋನ್ ನಗರಕ್ಕೆ ಕರೆತಂದು ಬದುಕಿಸಿದ ಮಾರ್ಗರೀತಳು ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡುತ್ತಿದ್ದ ದೇಶಭಕ್ತರ ದಳದಲ್ಲಿ ಸುದ್ದಿಗಳನ್ನು ಒಯ್ಯುವ ಕೆಲಸದಲ್ಲಿದ್ದಳು. 1944ರಲ್ಲಿ ಅವಳು ಜರ್ಮನರ ಗುಪ್ತ ಪೊಲೀಸರ ಕೈಗೆ ಸಿಕ್ಕಿದಳು. ಅವಳನ್ನು ಕ್ರೂರವಾಗಿ ಹಿಂಸಿಸಿ, ಜರ್ಮನಿಯ ಸೆರೆಶಿಬಿರಕ್ಕೆ ಸಾಗಿಸುವ ರೈಲಿಗೆ ತುಂಬಿದರು. ಗಡಿಯ ಸಮೀಪದ ಬೆಲ್ಫೋರ್ ಎಂಬ ಊರಿನಲ್ಲಿ ಆ ಪ್ರಯಾಣವು ನಿಂತುಹೋದುದರಿಂದ ಅವಳು ಬಿಡುಗಡೆ ಹೊಂದಿ ಬದುಕಿ ಬಂದಳು. ಅದೇ ವರ್ಷ ಅವನ ಹೆಂಡತಿ ಅಮೆಲಿಯೂ ಅದೇ ಕಾರ್ಯಕ್ಕಾಗಿ ಆರು ತಿಂಗಳ ಸೆರೆವಾಸವನ್ನು ಅನುಭವಿಸಿದಳು. ಮಾತೀಸನ ಕಾಗದದ ಹಕ್ಕಿಗಳ ಉಲ್ಲಾಸವನ್ನು ಕಂಡು, ಆತನಿಗೆ ಲೋಕದ ದುಃಖವೇ ತಿಳಿಯದೆಂದು ಕೆಲವರು ಆಕ್ಷೇಪಿಸಿದ್ದುಂಟು. ಮಗಳು ಎಲ್ಲಿರುವಳೆಂಬುದೇ ತಿಳಿಯದ ದಿನಗಳನ್ನು ದಾಟಿ ಬಂದ ತಂದೆಯ ಉಲ್ಲಾಸವದು. ಅದು ದುಃಖವನ್ನು ಕಾಣದವನ ಉಲ್ಲಾಸವಲ್ಲವೆಂದು ನಾವು ಭಾವಿಸುತ್ತೇವೆ.

ಲಿಯೋನ್ ನಗರದ ಸೋದರಿಯರ ಋಣವನ್ನು ತೀರಿಸುವ ಸಂದರ್ಭವೂ ಒದಗಿತು. 1942ರಲ್ಲಿ ನೀಸ್ ನಗರದಲ್ಲಿ ಅವನ ಶುಶ್ರೂಷೆಗಾಗಿ ಮೋನಿಕ್ ಎಂಬ ತರುಣಿಯು ಬಂದಿದ್ದಳು. ಮುಂದೆ ಅವಳು ಸಂನ್ಯಾಸ ಸ್ವೀಕರಿಸಿ ಡೊಮಿನಿಕನ್ ಸೋದರಿಯಾಗಿ, ದೈವವಶಾತ್ ಮಾತೀಸನು 1943ರಲ್ಲಿ ವಾಸಕ್ಕೆ ಹೋಗಿದ್ದ ವಾನ್ಸ್ ಎಂಬ ಬೆಟ್ಟದೂರಿಗೇ ಬಂದಳು. ಅಲ್ಲಿಯ ಸೋದರಿಯರಿಗೆ ತಕ್ಕ ಪ್ರಾರ್ಥನಾಮಂದಿರವಿರಲಿಲ್ಲ. ಅವಳು ಅದನ್ನು ತಿಳಿಸಿದಾಗ ಮಾತೀಸನು ಇಡೀ ಮಂದಿರದ ರಚನೆಯನ್ನೇ ತನ್ನ ಮೇಲೆ ಹಾಕಿಕೊಂಡನು. ಎಪ್ಪತ್ತೆಂಟು ವಯಸ್ಸಿನ ರೋಗಿಯು ಸುಮಾರು ನಾಲ್ಕು ವರ್ಷಗಳನ್ನು ಆ ಒಂದು ಕಾರ್ಯಕ್ಕೆ ಸಲ್ಲಿಸಿದನು. ಹಳದಿ, ಹಸಿರು, ನೀಲಿ ಮೂರೇ ಬಣ್ಣಗಳ ಗಾಜಿನ ಕಿಟಕಿಗಳು, ಬಿಳಿಯ ಹೆಂಚಿನ ಗೋಡೆಗಳ ಮೇಲೆ ಕಪ್ಪು ಗೆರೆಗಳ ಚಿತ್ರಗಳು, ಪೂಜಾರಿಯ ಉಡುಪು ಇವೆಲ್ಲವನ್ನೂ ಅವನೇ ಕಲ್ಪಿಸಿದನು. ಎತ್ತರದ ಚಿತ್ರಗಳನ್ನು ಬರೆಯಲು ಉದ್ದವಾದ ಬಿದಿರಿನ ಕೋಲಿನ ತುದಿಗೆ ಇದ್ದಿಲನ್ನು ಕಟ್ಟಿಕೊಂಡು ದೂರದಿಂದಲೇ ಎಳೆಯುತ್ತಿದ್ದನು. 1951ರ ಜೂನ್ 25ರಂದು ಆ ಮಂದಿರದ ಪ್ರತಿಷ್ಠೆ ನಡೆಯಿತು. ದೇಹಸ್ಥಿತಿ ಸರಿಯಿಲ್ಲದೆ ಅದನ್ನು ನೋಡಲು ಮಾತ್ರ ಅವನಿಗೆ ಹೋಗಲಾಗಲಿಲ್ಲ. ಬಿಸಿಲೇರಿದಾಗ ಆ ಕಿಟಕಿಗಳ ಬಣ್ಣವು ಬಿಳಿಯ ನೆಲದ ಮೇಲೆ ಹರಿಯುವ ಚೆಲುವನ್ನು ಕಾಣಲು ಇಂದಿಗೂ ದೇಶದೇಶಗಳಿಂದ ಜನರು ಬರುತ್ತಾರೆ.

ಅವನ ಕೊನೆಯ ವರ್ಷಗಳ ಇನ್ನೆರಡು ಕೃತಿಗಳನ್ನು ಹೇಳಿ ಮುಗಿಸುತ್ತೇವೆ. ಈಜುವವರನ್ನು ಕಾಣಬೇಕೆಂಬ ಆಸೆ 1952ರಲ್ಲಿ ಅವನಿಗುಂಟಾಯಿತು. ಬಿಸಿಲ ಬೇಗೆಯಲ್ಲಿ ಕೊಳದ ಬಳಿ ಇರಲು ದೇಹವು ಒಪ್ಪಲಿಲ್ಲ. ಹಾಗಾದರೆ ಕೊಳವನ್ನೇ ಮನೆಗೆ ತರೋಣವೆಂದು ಊಟದ ಕೋಣೆಯ ಗೋಡೆಗಳ ಸುತ್ತಲೂ ನೀಲಿಯ ಕಾಗದದ ಈಜುಗಾರರನ್ನು ಹಾರಿಸಿದನು. ಆ ಕೊಳವು ಈಗ ನ್ಯೂಯಾರ್ಕ್ ನಗರದ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿದೆ. 1953ರಲ್ಲಿ ರಚಿಸಿದ ಬಸವನ ಹುಳು ಎಂಬ ಚಿತ್ರವು ಎತ್ತರ ಅಗಲಗಳೆರಡರಲ್ಲಿಯೂ ಸುಮಾರು 2.87 ಮೀಟರುಗಳಷ್ಟಿದೆ. ನಿಲ್ಲಲಾರದ ಮುದುಕನೊಬ್ಬನು ಮನುಷ್ಯನಿಗಿಂತ ಎತ್ತರದ ಚಿತ್ರವನ್ನು ಕತ್ತರಿಯಿಂದ ಕಟ್ಟಿದನು! ಇವು ಅಶಕ್ತನ ಆಟಿಕೆಗಳೆಂದು ಅಂದು ಕೆಲವರು ಹಗುರವಾಗಿ ಕಂಡರು. ಆದರೆ 2014ರಲ್ಲಿ ಲಂಡನ್ನಿನಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಪ್ರದರ್ಶಿಸಿದಾಗ ಐದು ಲಕ್ಷಕ್ಕೂ ಮಿಕ್ಕಿದ ಜನರು ಬಂದು ನೋಡಿದರು.

1954ರ ನವೆಂಬರ್ 3ರಂದು, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಮಾತೀಸನು ನೀಸ್ ನಗರದಲ್ಲಿ ಕಣ್ಣು ಮುಚ್ಚಿದನು. ಲಿಯೋನ್ ನಗರದ ವೈದ್ಯರನ್ನು ಮೂರು ನಾಲ್ಕು ವರ್ಷಗಳಿಗಾಗಿ ಬೇಡಿದ್ದವನಿಗೆ ಹದಿಮೂರು ವರ್ಷ ಒಂಬತ್ತು ತಿಂಗಳುಗಳು ದೊರೆತಿದ್ದವು.

ಈ ಕಥೆಯನ್ನು ಕೇಳಿದ ನಮ್ಮ ಬಂಧುಗಳು ಒಂದು ಪ್ರಶ್ನೆಯನ್ನು ಕೇಳಿದರು. ಎಲ್ಲರಿಗೂ ಅಷ್ಟು ಕಾಲ ದೊರೆಯುವುದೇ? ಎಲ್ಲರಿಗೂ ಅಂತಹ ವೈದ್ಯರೂ ಮಗಳೂ ಸಹಾಯಕಿಯರೂ ಇರುವರೇ? ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವು ನಾವು ಕುಳಿತಿದ್ದ ಆ ಊರಿನಲ್ಲಿಯೇ ಇತ್ತು. ಎಡಪ್ಪಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಚಂಗಂಪುಳ ಕೃಷ್ಣ ಪಿಳ್ಳೈ ಎಂಬ ಮಲೆಯಾಳ ಕವಿಯನ್ನು ಕೇರಳದ ಮನೆಮನೆಯೂ ಬಲ್ಲದು. ಅದೇ ಊರಿನ ತನ್ನ ಕವಿಮಿತ್ರನ ಅಕಾಲಮರಣದ ಶೋಕದಿಂದ 1936ರಲ್ಲಿ ಅವನು ರಚಿಸಿದ ರಮಣನ್ ಎಂಬ ಕಾವ್ಯವು ಅಪಾರವಾದ ಜನಪ್ರೀತಿಯನ್ನು ಗಳಿಸಿತು. ಕ್ಷಯರೋಗಕ್ಕೆ ತುತ್ತಾದ ಆ ಕವಿಯು 1948ರ ಜೂನ್ 17ರಂದು, ಮೂವತ್ತಾರನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಕ್ಷಯಕ್ಕೆ ತಕ್ಕ ಮದ್ದುಗಳು ಆಗತಾನೇ ಜಗತ್ತಿನಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಕೆಲವೇ ವರ್ಷಗಳು ಕಳೆದಿದ್ದರೆ ಅವನು ಬದುಕುತ್ತಿದ್ದನೋ ಏನೋ. ಅವನ ಹೆಸರಿನ ಉದ್ಯಾನವು ಎಡಪ್ಪಳ್ಳಿಯಲ್ಲಿದೆ.

ಆದ್ದರಿಂದ ರೋಗವು ವರವೆಂದು ನಾವು ಹೇಳಲಾರೆವು. ರೋಗವು ರೋಗವೇ. ಸಂಕಲ್ಪವಿದ್ದವರೆಲ್ಲ ಬದುಕುವರೆಂಬುದೂ ಸುಳ್ಳು. ಆಯುಷ್ಯದ ಅಳತೆಯು ನಮ್ಮ ಕೈಯಲ್ಲಿಲ್ಲ. ಅದನ್ನು ಹಿಗ್ಗಿಸಲು ಶ್ರಮಿಸುವ ವೈದ್ಯರೂ, ದಾದಿಯರೂ, ನಮ್ಮ ಮನೆಯ ಮಾರ್ಗರೀತರೂ ನಮಗೆ ಕೊಡುವುದು ಕಾಲವನ್ನು ಮಾತ್ರ. ಹಾಗೆ ದೊರೆತ ಕಾಲವು ಇತರರ ದುಡಿಮೆಯಿಂದ ನಮಗೆ ಬಂದ ಸಾಲವೆಂದು ಅರಿತು, ಇರುವ ಶಕ್ತಿಯಿಂದಲೇ ಅದನ್ನು ತೀರಿಸಲು ಯತ್ನಿಸುವುದು ಮಾತ್ರ ನಮಗೆ ಸೇರಿದ ಭಾಗ. ಮಾತೀಸನು ಕುಂಚವನ್ನು ಹಿಡಿದು ನಿಲ್ಲಲಾರದೆ ಕತ್ತರಿಯನ್ನು ಹಿಡಿದು ಕುಳಿತನು, ಕೆಲಸವನ್ನು ಬಿಡಲಿಲ್ಲ.

ನಾವು ಎಡಪ್ಪಳ್ಳಿಯಿಂದ ಹೊರಡುವ ದಿನ ಬೆಳಗ್ಗೆ ನಮ್ಮ ಬಂಧುಗಳು ಒಂದು ಕಾಗದವನ್ನೂ ಪೆನ್ಸಿಲನ್ನೂ ಕೇಳಿ ತರಿಸಿಕೊಂಡರು. ದಿಂಬಿಗೆ ಒರಗಿ ಕುಳಿತು, ಊರಿನ ಮನೆಯೊಂದರ ಬಾಗಿಲುವಾಡಕ್ಕೆ ಬೇಕಾದ ಬಳ್ಳಿಯ ಕೆತ್ತನೆಯ ನಕ್ಷೆಯನ್ನು ನಿಧಾನವಾಗಿ ಬರೆಯತೊಡಗಿದರು. ಕೆತ್ತುವ ಕೆಲಸವನ್ನು ಮಗನು ಮಾಡಲಿ, ಗೆರೆ ಮಾತ್ರ ತಮ್ಮದಿರಲಿ ಎಂದರು. ರೈಲಿಗೆ ಹೊತ್ತಾದುದರಿಂದ ಆ ನಕ್ಷೆಯು ಪೂರ್ಣವಾದುದನ್ನು ನಾವು ನೋಡಲಿಲ್ಲ. ಆದರೆ ಇನ್ನು ಬದುಕಿ ಏನು ಪ್ರಯೋಜನವೆಂಬ ಪ್ರಶ್ನೆಯನ್ನು ಅವರು ಆ ದಿನ ಕೇಳಲಿಲ್ಲ.